ನಾಟಕಕ್ಕೆ ದುಡ್ಡು ಕೊಡುವ ಸರ್ಕಾರ ನಾಟಕಕ್ಕೇ ಯಾಕೆ ಹೆದರುತ್ತದೆ?

ಕೆನ್ಯಾದ ನಕುರು ನಗರದಲ್ಲಿ 2025ರ ಏಪ್ರಿಲ್‌ನಲ್ಲಿ ಶಾಲಾ ಮಕ್ಕಳ ರಾಷ್ಟ್ರೀಯ ನಾಟಕೋತ್ಸವ ನಡೆಯುತ್ತಿತ್ತು. ದೇಶದ ಪಶ್ಚಿಮ ಭಾಗದ ಬುಟೆರೆಯಿಂದ ಹೆಣ್ಣುಮಕ್ಕಳ ಹೈಸ್ಕೂಲೊಂದು 'ಎಕೋಸ್ ಆಫ್ ವಾರ್' ಎಂಬ ನಾಟಕ ಸಿದ್ಧ ಮಾಡಿಕೊಂಡು ಬಂದಿತ್ತು. ಒಂದು ಕಲ್ಪಿತ ರಾಜ್ಯ, ಕೆಟ್ಟ ಆಡಳಿತ, ಅದನ್ನು ಪ್ರಶ್ನಿಸುವ ಯುವಕರು, ಇಷ್ಟೇ ಕತೆ. ಆದರೆ ಹಿಂದಿನ ವರ್ಷ, 2024ರ ಜೂನ್‌ನಲ್ಲಿ, ತೆರಿಗೆ ಮಸೂದೆಯ ವಿರುದ್ಧ ಅಲ್ಲಿನ ಹುಡುಗ ಹುಡುಗಿಯರು ಬೀದಿಗಿಳಿದು ಸಂಸತ್ತಿನೊಳಗೇ ನುಗ್ಗಿದ್ದರು. ಹಾಗಾಗಿ ಆ ಕಲ್ಪಿತ ರಾಜ್ಯ ಯಾವುದು ಅಂತ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಮೊದಲು ನಾಟಕವನ್ನು ಸ್ಪರ್ಧೆಯಿಂದ ಹೊರಗಿಟ್ಟರು. ಆಡಲು ಬಿಡಿ ಎಂದು ಹೈಕೋರ್ಟ್ ಹೇಳಿತು. ಅಷ್ಟಾದ ಮೇಲೂ, ನಾಟಕ ಬರೆದ ಮಾಜಿ ಸೆನೆಟರ್ ಕ್ಲಿಯೋಫಾಸ್ ಮಲಾಲ ಅವರನ್ನು ಪ್ರದರ್ಶನದ ಹಿಂದಿನ ರಾತ್ರಿ ಪೊಲೀಸರು ಹಿಡಿದರು, ಮಾರನೇ ದಿನ ಸೇರಿದ್ದ ಜನರನ್ನೂ ಪತ್ರಕರ್ತರನ್ನೂ ಚದುರಿಸಲು ಅಶ್ರುವಾಯು ಹಾರಿಸಿದರು. ಹುಡುಗಿಯರು ಬಂದರು, ರಾಷ್ಟ್ರಗೀತೆ ಹಾಡಿದರು, ನಾಟಕ ಆಡದೆ ಹೊರಟುಹೋದರು.

ವಿಚಿತ್ರ ಏನು ಗೊತ್ತಾ? ಆಫ್ರಿಕಾದ ಎಷ್ಟೋ ದೇಶಗಳಲ್ಲಿ ಸರ್ಕಾರ, ವಿಶ್ವಸಂಸ್ಥೆಯ ಅಂಗಸಂಸ್ಥೆಗಳು, ಎನ್‌ಜಿಒಗಳು ಐವತ್ತು ವರ್ಷಗಳಿಂದ ನಾಟಕಕ್ಕೆ ದುಡ್ಡು ಸುರಿಯುತ್ತಲೇ ಬಂದಿವೆ. ಏಡ್ಸ್ ಬಗ್ಗೆ ನಾಟಕ, ಮಲೇರಿಯಾ ಬಗ್ಗೆ ನಾಟಕ, ಶೌಚಾಲಯ ಕಟ್ಟಿಸಿ ಅಂತ ನಾಟಕ, ಮತ ಹಾಕಿ ಅಂತ ನಾಟಕ. 'ಅಭಿವೃದ್ಧಿಗಾಗಿ ರಂಗಭೂಮಿ' ಅಂತ ಅದಕ್ಕೊಂದು ಹೆಸರೂ ಇದೆ, ವಿಶ್ವವಿದ್ಯಾಲಯಗಳಲ್ಲಿ ಅದರ ಕೋರ್ಸೂ ಇದೆ. ಅಂದರೆ ಒಂದು ಥರದ ನಾಟಕಕ್ಕೆ ಚೆಕ್ ಬರೆದುಕೊಡುತ್ತಾರೆ, ಇನ್ನೊಂದು ಥರದ್ದಕ್ಕೆ ಪೊಲೀಸರನ್ನು ಕಳಿಸುತ್ತಾರೆ. ನಾಟಕದಿಂದ ಸಮಾಜ ಬದಲಾಗುತ್ತದಾ ಅಂತ ಸುಮ್ನೆ ಚರ್ಚೆ ಮಾಡುವ ಬದಲು ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಅಂತ ನೋಡಿದರೆ ವಿಷಯ ಬೇಗ ಅರ್ಥವಾಗುತ್ತದೆ.

ಇದಕ್ಕೆ ಕೆನ್ಯಾದಲ್ಲೇ ಒಂದು ಹಳೆಯ ಉದಾಹರಣೆ ಇದೆ. ನೈರೋಬಿಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ ಲಿಮುರು, ಅದರ ಪಕ್ಕದಲ್ಲಿ ಕಾಮಿರಿಥು ಎಂಬ ಹಳ್ಳಿ. ಸುತ್ತ ಚಹಾ ತೋಟಗಳು, ಹತ್ತಿರದಲ್ಲೇ ಬಾಟಾ ಚಪ್ಪಲಿ ಕಾರ್ಖಾನೆ. ಮೌ ಮೌ ಹೋರಾಟವನ್ನು ಹತ್ತಿಕ್ಕಲು 1950ರ ದಶಕದಲ್ಲಿ ಬ್ರಿಟಿಷರು ಜನರನ್ನು ಒಂದೆಡೆ ತಂದು ಕೂಡಿಹಾಕಿದ ಊರುಗಳಲ್ಲಿ ಇದೂ ಒಂದು. ಜಮೀನಿಲ್ಲದ ಕೂಲಿಯವರು, ಕಾರ್ಖಾನೆ ಕೆಲಸಗಾರರೇ ಜಾಸ್ತಿ. ನಮ್ಮಲ್ಲೂ ಅನೇಕರು ಓದಿರುವ ಕಾದಂಬರಿಕಾರ ಗೂಗಿ ವಾ ಥಿಯಾಂಗೊ ಅಲ್ಲಿಗೆ ಹತ್ತಿರದಲ್ಲೇ ವಾಸವಿದ್ದರು, ನೈರೋಬಿ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಕಲಿಸುತ್ತಿದ್ದರು. 1976ರಲ್ಲಿ ಊರಿನ ಹೆಂಗಸೊಬ್ಬಳು ಅವರ ಮನೆಗೆ ಬಂದು, ಇಷ್ಟು ಓದಿದ್ದೀರಿ, ಪುಸ್ತಕ ಬರೆದಿದ್ದೀರಿ, ನಮ್ಮ ಊರಿಗೆ ಏನು ಮಾಡುತ್ತೀರಿ ಅಂತ ಕೇಳಿದಳಂತೆ. ಒಂದು ಸಲ ಕೇಳಿ ಸುಮ್ಮನಾಗಲಿಲ್ಲ, ಮತ್ತೆ ಮತ್ತೆ ಬಂದಳು. ಶುರುವಾಗಿದ್ದು ನಾಟಕದಿಂದಲ್ಲ, ವಯಸ್ಕರ ಅಕ್ಷರ ಕಲಿಕೆಯಿಂದ. ಓದು ಬರಹ ಕಲಿತವರು ಮುಂದೇನು ಅಂದಾಗ ನಾಟಕ ಬಂತು.

ಗೂಗಿ ಮತ್ತು ಅವರ ಜೊತೆಗಾರ ಗೂಗಿ ವಾ ಮಿರಿಯಿ ಸೇರಿ ಗಿಕುಯು ಭಾಷೆಯಲ್ಲಿ ಒಂದು ಕರಡು ಬರೆದರು. 'ನ್‌ಗಾಹಿಕಾ ನ್‌ಡೇಂಡಾ', ಅಂದರೆ ನನಗೆ ಬೇಕಾದಾಗ ಮದುವೆ ಆಗ್ತೀನಿ. ಕತೆ ಸರಳ. ಒಂದೂವರೆ ಎಕರೆ ಜಮೀನಿರುವ ಕೂಲಿಕಾರ, ಆ ಜಮೀನಿನ ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾನೆ. ಊರ ಶ್ರೀಮಂತ ಅವನ ತಲೆ ಕೆಡಿಸುತ್ತಾನೆ: ನಿಮ್ಮ ಹಳೇ ಕ್ರಮದ ಮದುವೆ ಮದುವೆಯೇ ಅಲ್ಲ, ಚರ್ಚಿನಲ್ಲಿ ಸರಿಯಾಗಿ ಆಗಿ ಅಂತ. ಚರ್ಚ್ ಮದುವೆಯ ಖರ್ಚಿಗೆ ಜಮೀನು ಅಡವಿಟ್ಟ ಬಡವ ಕೊನೆಗೆ ಜಮೀನನ್ನೇ ಕಳೆದುಕೊಳ್ಳುತ್ತಾನೆ. ಮಗಳು ಆ ಶ್ರೀಮಂತನ ಮಗನಿಂದ ಬಸುರಾಗುತ್ತಾಳೆ, ಅವನು ಕೈಬಿಡುತ್ತಾನೆ.

ಈಗ ಮುಖ್ಯ ವಿಷಯ. ಕರಡನ್ನು ಊರವರ ಮುಂದೆ ಓದಿದಾಗ ಅವರು ಅದನ್ನು ತಿದ್ದತೊಡಗಿದರು. ಮುದುಕರು ಮಾತಿನ ಧಾಟಿ ಸರಿಯಿಲ್ಲ ಅಂದರು, ಕಾರ್ಖಾನೆಯವರು ತಮ್ಮ ಕೂಲಿಯ ಲೆಕ್ಕ ತಂದು ಸೇರಿಸಿದರು, ಮೌ ಮೌ ಕಾಲ ಕಂಡವರು ಹಾಡುಗಳನ್ನು ತಂದರು. ತಾಲೀಮು ಬಯಲಲ್ಲೇ, ಯಾರು ಬೇಕಾದರೂ ನಿಂತು ನೋಡಬಹುದು, ತಪ್ಪು ಹೇಳಬಹುದು. ಎರಡು ಸಾವಿರ ಜನ ಕೂರುವ ಬಯಲು ರಂಗಮಂದಿರವನ್ನು ಊರವರೇ ಕಟ್ಟಿಕೊಂಡರು. ನಿರ್ದೇಶಕ ಕಿಮಾನಿ ಗೆಚಾವು ಬಿಟ್ಟರೆ ಬಹುಪಾಲು ಎಲ್ಲರೂ ಊರಿನ ಕೂಲಿಯವರು, ಅಕ್ಷರ ಕಲಿಯುತ್ತಿದ್ದವರು. ತಾಲೀಮು ಮುಗಿಯುವ ಹೊತ್ತಿಗೆ ಅದು ಯಾರ ನಾಟಕ ಅಂತ ಹೇಳುವುದೇ ಕಷ್ಟವಾಗಿತ್ತು.

1977ರ ಅಕ್ಟೋಬರ್ 2ರಂದು, ಭಾನುವಾರ, ಮೊದಲ ಪ್ರದರ್ಶನ. ದೂರದೂರದಿಂದ ಜನ ಬಂದರು. ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ, ನವೆಂಬರ್ 16ಕ್ಕೆ, ಜಿಲ್ಲಾಡಳಿತ ಲೈಸೆನ್ಸ್ ರದ್ದು ಮಾಡಿತು. ವರ್ಷದ ಕೊನೆಯ ದಿನ ಗೂಗಿಯನ್ನು ಬಂಧಿಸಿದರು. ವಿಚಾರಣೆ ಇಲ್ಲದೆ ಸುಮಾರು ಒಂದು ವರ್ಷ ಕಾಮಿಟಿ ಜೈಲಿನಲ್ಲಿ ಇಟ್ಟರು, ಅಲ್ಲಿ ಅವರು ಟಾಯ್ಲೆಟ್ ಪೇಪರಿನ ಮೇಲೆ ಗಿಕುಯು ಭಾಷೆಯ ಕಾದಂಬರಿ ಬರೆದ ಕತೆ ನಿಮಗೆ ಗೊತ್ತಿರಬಹುದು. ಗಮನಿಸಿ, ಗೂಗಿ ಅದೇ ವರ್ಷ ಇಂಗ್ಲಿಷಿನಲ್ಲಿ ಒಂದು ದೊಡ್ಡ ಕಾದಂಬರಿ ಪ್ರಕಟಿಸಿದ್ದರು. ಸರ್ಕಾರವನ್ನು ಅದೂ ಕಟುವಾಗಿಯೇ ಟೀಕಿಸಿತ್ತು. ಅದಕ್ಕೆ ಜೈಲು ಆಗಲಿಲ್ಲ. ನಾಟಕಕ್ಕೆ ಆಯಿತು. 1982ರಲ್ಲಿ ಅದೇ ತಂಡ ಎರಡನೇ ನಾಟಕಕ್ಕೆ ಹೊರಟಾಗ ಕೆನ್ಯಾ ನ್ಯಾಷನಲ್ ಥಿಯೇಟರ್ ಬಾಗಿಲು ತೆರೆಯಲಿಲ್ಲ, ಮಾರ್ಚ್‌ನಲ್ಲಿ ಸರ್ಕಾರ ಕಾಮಿರಿಥು ಕೇಂದ್ರದ ನೋಂದಣಿ ರದ್ದು ಮಾಡಿ, ಪೊಲೀಸರನ್ನು ಕಳಿಸಿ ಊರವರು ಕಟ್ಟಿದ ರಂಗಮಂದಿರವನ್ನು ನೆಲಸಮ ಮಾಡಿತು. ಗೂಗಿ ದೇಶ ಬಿಟ್ಟರು. ಗೂಗಿ ವಾ ಮಿರಿಯಿ ಮತ್ತು ಕಿಮಾನಿ ಜಿಂಬಾಬ್ವೆಗೆ ಹೋದರು, ಅಲ್ಲಿ ಹಳ್ಳಿ ನಾಟಕ ತಂಡಗಳನ್ನು ಕಟ್ಟುವ ಕೆಲಸ ಮುಂದುವರಿಸಿದರು. ಆ ಮೊದಲ ನಾಟಕ 2022ರಲ್ಲಿ ಅದೇ ನ್ಯಾಷನಲ್ ಥಿಯೇಟರಿನಲ್ಲಿ ಮತ್ತೆ ರಂಗಕ್ಕೆ ಬಂತು, ಟಿಕೆಟ್ ಇಟ್ಟು. ಆಗ ಯಾರೂ ತಡೆಯಲಿಲ್ಲ. ತಡೆಯುವ ಅಗತ್ಯ ಇರಲಿಲ್ಲ ಬಿಡಿ, ನಗರದ ಟಿಕೆಟ್ ಪ್ರೇಕ್ಷಕರೇ ಬೇರೆ.

ಇದಕ್ಕೆ ಪೂರ್ತಿ ಬೇರೆಯದಾದ ಇನ್ನೊಂದು ದಾರಿ ಸುಮಾರು ಅದೇ ಕಾಲದಲ್ಲಿ ಬೋಟ್ಸ್ವಾನಾದಲ್ಲಿ ಹುಟ್ಟಿತ್ತು. 1974ರಲ್ಲಿ ರಾಸ್ ಕಿಡ್, ಮಾರ್ಟಿನ್ ಬೈರಮ್ ಮುಂತಾದ ವಯಸ್ಕರ ಶಿಕ್ಷಣದ ಕಾರ್ಯಕರ್ತರು 'ಲಾಯೆಡ್ಜಾ ಬಟನಾನಿ' ಎಂಬ ಅಭಿಯಾನ ಶುರು ಮಾಡಿದರು. ಊರ ಸಮಸ್ಯೆಗಳನ್ನು ಪಟ್ಟಿ ಮಾಡುವುದು, ತಂಡ ಕಟ್ಟಿ ನಾಟಕ, ಗೊಂಬೆಯಾಟ, ಹಾಡು, ಕುಣಿತ ಸಿದ್ಧಪಡಿಸಿ ಊರೂರು ತಿರುಗುವುದು, ಆಟ ಮುಗಿದ ಮೇಲೆ ಜನರನ್ನು ಗುಂಪು ಮಾಡಿ ಚರ್ಚಿಸುವುದು. ಇವತ್ತು ಆಫ್ರಿಕಾದ ಯಾವುದೇ ಎನ್‌ಜಿಒ ನಾಟಕದ ಅಸ್ಥಿಪಂಜರ ಇದೇ. ಜನ ಸೇರಿದರು, ನಕ್ಕರು, ಮಾತಾಡಿದರು. ಆದರೆ ಕೆಲವೇ ವರ್ಷಗಳಲ್ಲಿ ಕಿಡ್ ಮತ್ತು ಬೈರಮ್ ತಮ್ಮ ಕೆಲಸವನ್ನೇ ಕಟುವಾಗಿ ವಿಮರ್ಶಿಸಿ ಬರೆದರು. ಸಮಸ್ಯೆ ಯಾವುದು ಅಂತ ತೀರ್ಮಾನಿಸುವವರು ಸರ್ಕಾರಿ ನೌಕರರು ಮತ್ತು ಊರ ಮುಖ್ಯಸ್ಥರು, ಬಡವರಲ್ಲ. ಹಾಗಾಗಿ ನಾಟಕ ಶೌಚಾಲಯಕ್ಕೆ, ಲೈಂಗಿಕ ರೋಗಕ್ಕೆ, ಕುಡಿತಕ್ಕೆ ಬಂದು ನಿಲ್ಲುತ್ತದೆ. ದನಗಳೆಲ್ಲ ಕೆಲವೇ ಮನೆಗಳಲ್ಲಿ ಯಾಕಿವೆ, ಗಂಡಸರು ದಕ್ಷಿಣ ಆಫ್ರಿಕಾದ ಗಣಿಗಳಿಗೆ ಯಾಕೆ ಹೋಗುತ್ತಾರೆ ಎಂಬಲ್ಲಿಗೆ ಹೋಗುವುದಿಲ್ಲ. ತಪ್ಪೆಲ್ಲ ಬಡವನ ಅಭ್ಯಾಸದಲ್ಲಿದೆ, ಅವನು ತಿದ್ದಿಕೊಂಡರೆ ಊರು ಉದ್ಧಾರ, ಇದು ಒಳಗಿನ ಅರ್ಥ. ವಸಾಹತು ಕಾಲದ ಅಧಿಕಾರಿಗಳೂ ಸ್ವಚ್ಛತೆ, ವಾಣಿಜ್ಯ ಬೆಳೆ ಅಂತ ಹಳ್ಳಿಗಳಿಗೆ ಇಂಥದ್ದೇ ನಾಟಕ, ಸಿನಿಮಾ ವ್ಯಾನು ಕಳಿಸುತ್ತಿದ್ದರು. ಯಜಮಾನರು ಬದಲಾದರೂ ಆ ಮಾದರಿ ಬದಲಾಗಲಿಲ್ಲ.

ಈ ಟೀಕೆ ಕೇಳಿದವರು ಸುಮ್ಮನೆ ಕೂರಲಿಲ್ಲ ಅನ್ನುವುದನ್ನೂ ಹೇಳಬೇಕು. ನೈಜೀರಿಯಾದ ಜಾರಿಯಾದಲ್ಲಿರುವ ಅಹ್ಮದು ಬೆಲ್ಲೊ ವಿಶ್ವವಿದ್ಯಾಲಯದ ನಾಟಕ ವಿಭಾಗದವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹಳ್ಳಿಗೆ ಹೋಗಿ ಅಲ್ಲೇ ಕೂತು, ರೈತರ ಜೊತೆಗೇ ನಾಟಕ ಕಟ್ಟಿದರು. ಜಾಂಬಿಯಾ, ಮಲಾವಿ, ಕ್ಯಾಮರೂನ್, ಎಲ್ಲ ಕಡೆ ವಿಶ್ವವಿದ್ಯಾಲಯಗಳೇ ಇದರ ಬೆನ್ನೆಲುಬು. ಬುರ್ಕಿನಾ ಫಾಸೊದಲ್ಲಿ ಪ್ರೊಸ್ಪೆರ್ ಕೊಂಪಾವೊರೆ 1978ರಲ್ಲಿ ಕಟ್ಟಿದ ಅಟೆಲಿಯೆ ತಿಯಾತ್ರ್ ಬುರ್ಕಿನಾಬೆ ತಂಡ ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೊಆಲ್ ಅವರ 'ಫೋರಂ ಥಿಯೇಟರ್' ಕ್ರಮವನ್ನು ತಮ್ಮದಾಗಿಸಿಕೊಂಡಿತು. ಆ ಕ್ರಮ ಹೀಗೆ: ಒಂದು ಚಿಕ್ಕ ನಾಟಕ ಆಡುತ್ತಾರೆ, ಅದು ಕೆಟ್ಟದಾಗಿ ಮುಗಿಯುತ್ತದೆ. ಉದಾಹರಣೆಗೆ ಹುಡುಗಿಗೆ ಇಷ್ಟವಿಲ್ಲದ ಮದುವೆ ಮಾಡಿಬಿಡುತ್ತಾರೆ. ಆಮೇಲೆ ಅದೇ ನಾಟಕ ಮತ್ತೆ ಶುರು. ಈ ಸಲ ನೋಡುವವರು ಯಾರು ಬೇಕಾದರೂ ನಡುವೆ ನಿಲ್ಲಿಸಿ, ರಂಗಕ್ಕೆ ಬಂದು, ಆ ಹುಡುಗಿಯ ಜಾಗದಲ್ಲಿ ನಿಂತು ಬೇರೆ ಥರ ಮಾಡಿ ತೋರಿಸಬಹುದು. ಅಪ್ಪನ ಪಾತ್ರ ಮಾಡುವ ನಟ ಸುಲಭಕ್ಕೆ ಸೋಲುವುದಿಲ್ಲ, ವಾದಿಸುತ್ತಾನೆ, ಬೆದರಿಸುತ್ತಾನೆ. ಒಬ್ಬರ ಉಪಾಯ ಬಿದ್ದುಹೋಗುತ್ತದೆ, ಇನ್ನೊಬ್ಬರು ಬರುತ್ತಾರೆ. ಮನೆಯಲ್ಲಿ ಬಾಯಿಬಿಡಲಾಗದ ಹೆಂಗಸು ಊರೆಲ್ಲ ನೋಡುತ್ತಿರುವಾಗ ಗಂಡನಿಗೆ, ಅದೂ ನಾಟಕದ ಗಂಡನಿಗೆ, ಎದುರು ಮಾತಾಡುತ್ತಾಳೆ. ನಾಟಕ ತಾನೇ ಅಂತ ಯಾರೂ ತಡೆಯಲಾರರು. ಭಾಷಣಕ್ಕೂ ಪೋಸ್ಟರಿಗೂ ಇಲ್ಲದ ಶಕ್ತಿ ಇದು.

ಆದರೆ ಇದಕ್ಕೂ ಒಂದು ಮಿತಿ ಇದೆ, ಅದನ್ನು ಚೆನ್ನಾಗಿ ಗುರುತಿಸಿದವರು ಜೇಕ್ಸ್ ಮ್ಡಾ. ಇವತ್ತು ಕಾದಂಬರಿಕಾರರಾಗಿ ಹೆಸರಾಗಿರುವ ಇವರು 1980ರ ದಶಕದಲ್ಲಿ ಲೆಸೊಥೊ ದೇಶದ ವಿಶ್ವವಿದ್ಯಾಲಯದಲ್ಲಿದ್ದಾಗ ಮರೊಥೊಲಿ ಟ್ರಾವೆಲಿಂಗ್ ಥಿಯೇಟರ್ ತಂಡದ ಜೊತೆ ಗುಡ್ಡಗಾಡಿನ ಹಳ್ಳಿಗಳಲ್ಲಿ ಕೆಲಸ ಮಾಡಿದರು. ಅವರ ವಾದ ಇದು: ಊರವರನ್ನು ರಂಗಕ್ಕೆ ಕರೆದರೆ ಸಾಕು, ಸತ್ಯ ತಾನಾಗಿ ಹೊರಬರುತ್ತದೆ ಅನ್ನುವುದು ಭ್ರಮೆ. ಊರವರಿಗೂ ಅಭ್ಯಾಸವಾದ ಉತ್ತರಗಳೇ ಮೊದಲು ಬಾಯಿಗೆ ಬರುತ್ತವೆ. ಕುಡುಕರೇ ಕಾರಣ, ಹೆಂಗಸರೇ ಕಾರಣ, ವಿಧಿ ಅಂತ. ಇನ್ನೊಂದು ಪ್ರಶ್ನೆ ಕೇಳಿ ಚರ್ಚೆಯನ್ನು ಒಂದು ಹೆಜ್ಜೆ ಮುಂದೆ ತಳ್ಳುವವರು ಬೇಕು. ಆದರೆ ಅವರು ಜಾಸ್ತಿ ತಳ್ಳಿದರೆ ಮತ್ತೆ ಭಾಷಣವೇ ಆಗುತ್ತದೆ. ಆ ಹದ ಯಾವ ಕೈಪಿಡಿಯಲ್ಲೂ ಇಲ್ಲ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಪ್ರಾಮಾಣಿಕ ಮಾತು ಅನ್ನಿಸುವುದು ಇದೇ, ಯಾಕೆಂದರೆ ನಾಟಕ ಮಾಡುವವರಿಗೂ ಇದು ಹಿತವಾಗಿ ಕೇಳಿಸುವುದಿಲ್ಲ, ದುಡ್ಡು ಕೊಡುವವರಿಗೂ ಇಲ್ಲ.

ಹದ ಸಿಕ್ಕ ಕಡೆ ಏನಾಗುತ್ತದೆ? ಟಾಂಜಾನಿಯಾ ನೋಡಿ. ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯದ ಪೆನಿನಾ ಮ್ಲಾಮಾ, ಅಮಂಡಿನಾ ಲಿಹಂಬಾ 1980ರ ದಶಕದಿಂದಲೇ ಹಳ್ಳಿಗಳಲ್ಲಿ ಅಲ್ಲಿನದೇ ಕುಣಿತ, ಡೋಲು, ಹಾಡುಗಳನ್ನು ಬಳಸಿ ನಾಟಕ ಕಟ್ಟಿಸಿದವರು. ಆ ಅನುಭವದ ಮೇಲೆ 1996ರಲ್ಲಿ ಹೈಸ್ಕೂಲು ಹುಡುಗಿಯರಿಗಾಗಿ 'ಟುಸೆಮೆ' ಶುರುವಾಯಿತು. ಓದಿನಲ್ಲಿ ಹಿಂದೆ ಬೀಳುವುದಕ್ಕೆ, ಶಾಲೆ ಬಿಡುವುದಕ್ಕೆ ಕಾರಣ ಏನು ಅಂತ ಹುಡುಗಿಯರೇ ಮೊದಲು ಪಟ್ಟಿ ಮಾಡುತ್ತಾರೆ, ಅದರ ಮೇಲೆ ನಾಟಕ ಕಟ್ಟುತ್ತಾರೆ, ಶಿಕ್ಷಕರು, ಆಡಳಿತದವರ ಮುಂದೆ ಆಡುತ್ತಾರೆ. ಮೇಷ್ಟ್ರುಗಳ ಲೈಂಗಿಕ ಕಿರುಕುಳದಂಥ ವಿಷಯವೂ ಆ ಪಟ್ಟಿಯಲ್ಲಿತ್ತು. ಹದಿನಾಲ್ಕರ ಹುಡುಗಿ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ದೂರು ಕೊಡುವುದು ಎಷ್ಟು ಕಷ್ಟ ಅಂತ ನಮಗೇ ಗೊತ್ತು. ಹತ್ತು ಜನ ಸೇರಿ ನಾಟಕದಲ್ಲಿ ಹೇಳಿದರೆ ಅದು ಯಾರೊಬ್ಬಳ ದೂರೂ ಅಲ್ಲ, ಆದರೆ ಎಲ್ಲರಿಗೂ ಗೊತ್ತಾಗುತ್ತದೆ. ನಾಟಕ ಮುಗಿದ ಮೇಲೆ ಕೆಲಸ ನಿಲ್ಲದಂತೆ ಶಾಲೆಯಲ್ಲೇ ಕ್ಲಬ್ ಇಟ್ಟರು, ಹೇಳಿದ್ದಕ್ಕೆ ಏನು ಕ್ರಮವಾಯಿತು ಅಂತ ಹುಡುಗಿಯರೇ ಕೇಳುವ ಹಾಗೆ. ಆಮೇಲೆ ಆಫ್ರಿಕಾದ ಮಹಿಳಾ ಶಿಕ್ಷಣ ತಜ್ಞರ ವೇದಿಕೆ 'ಫಾವೆ' ಇದನ್ನು ಇತರ ದೇಶಗಳಿಗೂ ಹಬ್ಬಿಸಿತು. ಎಷ್ಟೋ ಯೋಜನೆಗಳು ಸೋತ ಕಡೆ ಇದು ಉಳಿದಿದ್ದು ಆ ಕ್ಲಬ್ಬಿನಿಂದ ಅಂತ ನನ್ನ ಅಂದಾಜು. ನಾಟಕ ಒಂದು ದಿನದ್ದು, ಕೇಳುವ ಜಾಗ ವರ್ಷವಿಡೀ ಇತ್ತು.

ದುಡ್ಡು ಮಿತಿ ಮೀರಿದರೆ ಏನಾಗುತ್ತದೆ ಅನ್ನುವುದಕ್ಕೆ ದಕ್ಷಿಣ ಆಫ್ರಿಕಾದ 'ಸರಫೀನಾ 2' ಇದೆ. 1995ರಲ್ಲಿ ಮಂಡೇಲಾ ಸರ್ಕಾರದ ಆರೋಗ್ಯ ಇಲಾಖೆ, ಏಡ್ಸ್ ಜಾಗೃತಿಗೆ ಅಂತ ಪ್ರಸಿದ್ಧ ನಾಟಕಕಾರ ಎಂಬೊಂಗೆನಿ ಎಂಗೆಮಾ ಅವರಿಗೆ 1.4 ಕೋಟಿ ರ‍್ಯಾಂಡ್‌ಗೂ ಜಾಸ್ತಿ ಮೊತ್ತದ ಗುತ್ತಿಗೆ ಕೊಟ್ಟಿತು. ದೊಡ್ಡ ಸಂಗೀತ ನಾಟಕ, ಬಸ್ಸುಗಳು, ದೀಪಗಳು. ಏಡ್ಸ್ ಕಾರ್ಯಕರ್ತರು ನೋಡಿ, ಮನರಂಜನೆ ಇದೆ, ರೋಗದ ಬಗ್ಗೆ ಹೇಳಬೇಕಾದದ್ದೇ ಗೊಂದಲವಾಗಿದೆ ಅಂದರು. ಟೆಂಡರ್ ಸರಿಯಾಗಿ ನಡೆದಿಲ್ಲ, ಯುರೋಪಿಯನ್ ಒಕ್ಕೂಟದ ದುಡ್ಡನ್ನು ಹೀಗೆ ಬಳಸಲು ಒಪ್ಪಿಗೆ ಇರಲಿಲ್ಲ ಅಂತ ಗದ್ದಲವಾಯಿತು. 1996ರಲ್ಲಿ ಸಾರ್ವಜನಿಕ ರಕ್ಷಕರ (ನಮ್ಮ ಲೋಕಾಯುಕ್ತರ ಥರದವರು) ತನಿಖೆ ಆಗಿ ಯೋಜನೆ ನಿಂತುಹೋಯಿತು. ಅದೇ ದೇಶದಲ್ಲಿ, ಅದೇ ಕಾಲದಲ್ಲಿ, ಜುಲುಲ್ಯಾಂಡ್ ವಿಶ್ವವಿದ್ಯಾಲಯದಿಂದ ಹೊರಟ 'ಡ್ರಾಮ್‌ಏಡ್' ಎಂಬ ತಂಡ ಶಾಲೆಗಳಲ್ಲಿ ಮಕ್ಕಳ ಕೈಯಿಂದಲೇ ಏಡ್ಸ್ ಬಗ್ಗೆ ನಾಟಕ ಮಾಡಿಸುತ್ತಿತ್ತು. ಅದು ಪೇಪರಿನ ಮುಖಪುಟಕ್ಕೆ ಬರಲಿಲ್ಲ ಅಷ್ಟೇ.

ಸರಿ, ನಿಜಕ್ಕೂ ಪರಿಣಾಮ ಆಗುತ್ತದಾ? ಹೆಚ್ಚಿನ ವರದಿಗಳು ಎಷ್ಟು ಪ್ರದರ್ಶನ, ಎಷ್ಟು ಪ್ರೇಕ್ಷಕರು ಅಂತ ಲೆಕ್ಕ ಕೊಡುತ್ತವೆ. ಅದರಿಂದ ಏನೂ ತಿಳಿಯುವುದಿಲ್ಲ. ಸ್ವಲ್ಪ ಗಟ್ಟಿ ಪುರಾವೆ ರುವಾಂಡಾದಿಂದ ಬಂದಿದೆ, ರಂಗದಿಂದಲ್ಲ, ರೇಡಿಯೋ ನಾಟಕದಿಂದ. ನರಮೇಧದ ಹತ್ತು ವರ್ಷದ ನಂತರ, 2004ರಲ್ಲಿ, 'ಮುಸೆಕೆವೆಯಾ' ಎಂಬ ಧಾರಾವಾಹಿ ಶುರುವಾಯಿತು. ಎರಡು ಊರುಗಳ ನಡುವಿನ ದ್ವೇಷ, ಅದನ್ನು ಮೀರುವ ಪ್ರೀತಿ ಅದರ ಕತೆ. ಎಲಿಜಬೆತ್ ಪಲಕ್ ಎಂಬ ಮನೋವಿಜ್ಞಾನಿ ಕೆಲವು ಸಮುದಾಯಗಳಿಗೆ ಒಂದು ವರ್ಷ ಇದನ್ನೂ, ಉಳಿದವಕ್ಕೆ ಆರೋಗ್ಯದ ಬೇರೊಂದು ಧಾರಾವಾಹಿಯನ್ನೂ ಕೇಳಿಸಿ ಹೋಲಿಸಿ ನೋಡಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಜನರ ಸ್ವಂತ ನಂಬಿಕೆ ಅಷ್ಟೇನೂ ಬದಲಾಗಿರಲಿಲ್ಲ. ಬದಲಾಗಿದ್ದು ಊರಿನಲ್ಲಿ ಯಾವುದು ಸರಿ ಅಂತ ನಡೆಯುತ್ತದೆ, ಬೇರೆಯವರು ಏನು ಒಪ್ಪುತ್ತಾರೆ ಎಂಬ ಅಂದಾಜು. ನಾಟಕ ಕೇಳಿದವರು ಒಪ್ಪದ ಮಾತಿಗೆ ಎಲ್ಲರ ಮುಂದೆ ಒಪ್ಪಲ್ಲ ಅಂತ ಹೇಳುವುದು ಜಾಸ್ತಿಯಾಗಿತ್ತು. ಕೈ ತೊಳೆಯಿರಿ ಅಂತ ಹೇಳುವ ನಾಟಕಗಳ ಬಗ್ಗೆ ನನಗೆ ಅನುಮಾನ ಇರುವುದಕ್ಕೂ, ಹುಡುಗಿಯರು ಒಟ್ಟಾಗಿ ಮಾತಾಡುವ ನಾಟಕದ ಬಗ್ಗೆ ನಂಬಿಕೆ ಇರುವುದಕ್ಕೂ ಇದೇ ಕಾರಣ. ಎಲ್ಲರೂ ಒಂದೇ ಕಡೆ ಕೂತು, ಒಬ್ಬರ ಮುಖ ಒಬ್ಬರು ನೋಡುತ್ತಾ ಕೇಳಿದ ಮಾತಿಗೆ ಬೇರೆ ತೂಕ ಇರುತ್ತದೆ. ಸರ್ಕಾರಗಳಿಗೂ ಇದು ಗೊತ್ತು. ಅದಕ್ಕೇ ಕಾದಂಬರಿಯನ್ನು ಬಿಟ್ಟು ನಾಟಕವನ್ನು ಹಿಡಿದರು.

ನಮ್ಮಲ್ಲಿ ಇದು ಹೊಸದಲ್ಲ ಅನ್ನಿ. 1975ರಲ್ಲಿ ಹುಟ್ಟಿದ 'ಸಮುದಾಯ' ಬೀದಿನಾಟಕದ ಜಾಥಾ ಹೊರಡಿಸಿದ್ದೂ, ಈಗ ಇಲಾಖೆಗಳು ಯೋಜನೆಗಳ ಪ್ರಚಾರಕ್ಕೆ ಕಲಾತಂಡಗಳನ್ನು ಕರೆಸುವುದೂ ಎರಡೂ ಬೀದಿನಾಟಕವೇ. ಎರಡನ್ನೂ ನೋಡಿದವರಿಗೆ ನಾನು ಹೇಳುತ್ತಿರುವ ವ್ಯತ್ಯಾಸ ಬೇಗ ಹೊಳೆಯುತ್ತದೆ.

ಈಗ ಇದೆಲ್ಲ ಯಾಕೆ ಮತ್ತೆ ಚರ್ಚೆಗೆ ಬಂತು ಅಂದರೆ, ದುಡ್ಡು ನಿಂತಿದೆ. 2025ರ ಜನವರಿ 20ರಂದು ಟ್ರಂಪ್ ಅಧಿಕಾರಕ್ಕೆ ಬಂದ ದಿನವೇ ಅಮೆರಿಕದ ವಿದೇಶಿ ನೆರವನ್ನು ತಡೆಹಿಡಿದರು. ಮಾರ್ಚ್ ಹೊತ್ತಿಗೆ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ನ ಶೇ 83ರಷ್ಟು ಕಾರ್ಯಕ್ರಮಗಳು ರದ್ದಾದವು ಅಂತ ಅವರ ವಿದೇಶಾಂಗ ಮಂತ್ರಿ ಮಾರ್ಕೊ ರುಬಿಯೊ ಹೇಳಿದರು, ಜುಲೈ 1ಕ್ಕೆ ಆ ಸಂಸ್ಥೆಯ ಬಾಗಿಲೇ ಮುಚ್ಚಿತು. ಬ್ರಿಟನ್ ಕೂಡ ತನ್ನ ನೆರವನ್ನು 2027ರ ವೇಳೆಗೆ ರಾಷ್ಟ್ರೀಯ ಆದಾಯದ ಶೇ 0.5ರಿಂದ 0.3ಕ್ಕೆ ಇಳಿಸುವುದಾಗಿ ಹೇಳಿದೆ. ಆರೋಗ್ಯ ಜಾಗೃತಿಯ ನಾಟಕಗಳು ಬದುಕಿದ್ದು ಬಹುಪಾಲು ಇಂಥ ದುಡ್ಡಿನ ಮೇಲೆ.

ಒಳ್ಳೆಯದೇ ಆಯಿತು, ಇನ್ನು ನಿಜವಾದ ಜನರ ನಾಟಕ ಹುಟ್ಟುತ್ತದೆ ಅನ್ನುವವರಿದ್ದಾರೆ. ನನಗೆ ಅಷ್ಟು ಧೈರ್ಯವಿಲ್ಲ. ಆ ಪ್ರದರ್ಶನದ ಸಂಭಾವನೆಯಿಂದ ಮನೆ ನಡೆಸುತ್ತಿದ್ದ ನಟ ನಟಿಯರಿದ್ದಾರೆ. ಕಾಮಿರಿಥು ದುಡ್ಡಿಲ್ಲದೆ ನಡೆಯಿತು ಅನ್ನುವುದು ನಿಜ, ಆದರೆ ಅದರ ಹಿಂದೆ ವಿಶ್ವವಿದ್ಯಾಲಯದ ಸಂಬಳ ಪಡೆಯುವ ಇಬ್ಬರು ಮೂವರು ಇದ್ದರು, ಕೊನೆಗೆ ಅದು ಬುಲ್ಡೋಜರಿಗೂ ಸಿಕ್ಕಿತು. ನೆರವಿನ ದುಡ್ಡು ನಾಟಕವನ್ನು ಸಾಧು ಮಾಡಿತ್ತು, ಜೊತೆಗೆ ಒಂದು ಮಟ್ಟದ ರಕ್ಷಣೆಯನ್ನೂ ಕೊಟ್ಟಿತ್ತು. ವಿದೇಶಿ ಸಂಸ್ಥೆಯ ಬ್ಯಾನರ್ ಕೆಳಗೆ ನಡೆಯುವ ನಾಟಕಕ್ಕೆ ಪೊಲೀಸರು ಬೇಗ ಕೈ ಹಾಕುವುದಿಲ್ಲ.

ನಾನು ಕುತೂಹಲದಿಂದ ಕಾಯುತ್ತಿರುವುದು ಬೇರೊಂದಕ್ಕೆ. ಇಷ್ಟು ವರ್ಷ ಆ ತಂಡಗಳು ಊರೂರು ತಿರುಗಿ, ಕ್ಲಿನಿಕ್ಕಿಗೆ ಹೋಗಿ, ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಿ, ಮಾತ್ರೆ ತಪ್ಪಿಸಬೇಡಿ ಅಂತ ನಾಟಕ ಆಡಿದವು. ನೆರವು ನಿಂತ ಮೇಲೆ ಹಲವು ಕಡೆ ಆ ಕ್ಲಿನಿಕ್ಕುಗಳೂ ಮುಚ್ಚಿದವು. ಅದೇ ನಟ ಅದೇ ಊರಿಗೆ ಮತ್ತೆ ಹೋದರೆ, ಹಿಂದಿನ ಸಲ ಅವನ ಮಾತು ಕೇಳಿ ಪರೀಕ್ಷೆ ಮಾಡಿಸಿಕೊಂಡ ಯಾರೋ ಒಬ್ಬರು ಎದ್ದು, ಮಾತ್ರೆ ಎಲ್ಲಿ, ಯಾಕೆ ಬರ್ತಿಲ್ಲ, ಯಾರನ್ನು ಕೇಳಬೇಕು ಅಂತ ಕೇಳುತ್ತಾರೆ. ಅವನ ಕೈಯಲ್ಲಿರುವ ಹಳೆಯ ನಾಟಕದಲ್ಲಿ ಇದಕ್ಕೆ ಉತ್ತರ ಇಲ್ಲ. ಅವನು ಅಲ್ಲೇ ಆ ಕೇಳಿದವರನ್ನು ರಂಗಕ್ಕೆ ಕರೆದು, ಆರೋಗ್ಯ ಮಂತ್ರಿಯ ಪಾತ್ರ ತಾನು ಹಾಕಿಕೊಂಡು ಆಟ ಮುಂದುವರಿಸಿದರೆ ಅದು ಕಾಮಿರಿಥು ದಾರಿಗೆ ಬರುತ್ತದೆ. ಪೊಲೀಸರೂ ಅದೇ ದಾರಿಯಲ್ಲಿ ಬರುತ್ತಾರೆ ಅನ್ನುವುದನ್ನು ಮರೆಯಬೇಡಿ.